ಪ್ರೋಟಾನಿಗೆ ಕಾದ ಕೊಳವೆ

ನಾನು ಒಂದು ಕಬ್ಬಿಣದ ಕೊಳವೆ. ವರ್ಕ್‌ಶಾಪಿನಲ್ಲಿ ನನ್ನ ಹೊಟ್ಟೆಯ ಉದ್ದಕ್ಕೂ ಕೂದಲೆಳೆಯಂಥ ತಂತಿ ಎಳೆದು, ಎರಡೂ ಬಾಯಿ ಮುಚ್ಚಿ ಬೆಸುಗೆ ಹಾಕಿ, ಪಕ್ಕದ ತಿರುಪಿನ ತೂತಿನಿಂದ ಗ್ಯಾಸ್ ತುಂಬಿದರು. ಆಮೇಲೆ ಕೋಲಾರ ಸೀಮೆಯ ಚಿನ್ನದ ಗಣಿಯೊಂದಕ್ಕೆ ಇಳಿಸಿ, ಎರಡು ಕಿಲೋಮೀಟರ್ ಆಳದಲ್ಲಿ, ನನ್ನಂಥ ನೂರಾರು ಕೊಳವೆಗಳ ಅಟ್ಟಿಯ ಅಂಚಿಗೆ ಪೇರಿಸಿದರು. ಯಾವ ಜನ್ಮದ ಪಾಪವೋ!

ಕಾರಣ ತಿಳಿದದ್ದು ವಾಸಂತಿ ಮೇಡಂ ಬಾಯಿಂದ. ಆ ಪ್ರಯೋಗದ ವಿಜ್ಞಾನಿ ಅವರೇ. ಬ್ರಹ್ಮಾಂಡ ಹುಟ್ಟಿದಾಗ ಎಲ್ಲವೂ ಬೆಳಕಾಗಿ ಹೋಗದೆ ಇಷ್ಟು ಮಣ್ಣು, ಕಲ್ಲು, ಮನುಷ್ಯರು ಹೇಗೆ ಉಳಿದರು? ಪ್ರೋಟಾನ್ ಎಂಬ ಕಣ ಎಂದಾದರೂ ತಾನಾಗಿ ಒಡೆದರೆ ಅದಕ್ಕೊಂದು ಸುಳಿವು ಸಿಗುತ್ತದಂತೆ. ಒಡೆದ ಚೂರು ನನ್ನನ್ನು ಹಾದರೆ ನಾನು ತಂತಿಯಲ್ಲಿ ಸುದ್ದಿ ಕಳಿಸಬೇಕು. ಮೇಲೆ ಆಕಾಶದಿಂದ ಸುರಿಯುವ ಕಣಗಳ ಗದ್ದಲ, ಅದಕ್ಕೇ ಈ ಪಾತಾಳವಾಸ. ವರ್ಷಗಟ್ಟಲೆ ಕಾದೆ. ಒಂದೂ ಒಡೆಯಲಿಲ್ಲ.

ನನ್ನನ್ನು ನೋಡಿಕೊಳ್ಳುತ್ತಿದ್ದವನು ಮೆಕ್ಯಾನಿಕ್ ಅಮಲದಾಸ್. ಅವನ ಜೇಬಿನಲ್ಲಿ ಸದಾ ಗ್ಯಾಸ್‌ಲೈಟಿನ ಮ್ಯಾಂಟಲ್. ಆ ಬಲೆಬಟ್ಟೆಯಲ್ಲಿ ಚೂರು ವಿಕಿರಣ ಇರುತ್ತದೆ. ಅದನ್ನು ನನ್ನ ಮೈಗೆ ಒತ್ತಿದಾಗ ನಾನು ತಂತಿಯಲ್ಲಿ ಕೂಗಿಕೊಳ್ಳದಿದ್ದರೆ ಕೆಟ್ಟಿದ್ದೇನೆಂದು ಲೆಕ್ಕ. "ಏನಪ್ಪಾ, ಬದುಕಿದ್ದೀಯಾ?" ಎಂದು ಕೇಳುತ್ತಿದ್ದ. ಜೈಲಿನ ಹಾಜರಿಯೇ ಸರಿ!

ಗಣಿಯಲ್ಲೊಂದು ಕಟ್ಟಳೆ. ಇಳಿಯುವವರು ಹಲಗೆಯಿಂದ ತಮ್ಮ ಹಿತ್ತಾಳೆ ಬಿಲ್ಲೆ ಒಯ್ಯಬೇಕು, ಮೇಲೆ ಬಂದಾಗ ಮೊಳೆಗೆ ತೂಗುಹಾಕಬೇಕು. ಮೊಳೆ ಖಾಲಿಯಿದ್ದರೆ ಆಳು ಕೆಳಗಿದ್ದಾನೆಂದು ಅರ್ಥ. ಒಂದು ಮಧ್ಯಾಹ್ನ ಅಮಲದಾಸ್ ಬಿಲ್ಲೆ ತೂಗುಹಾಕಿ ಊಟಕ್ಕೆ ಹೊರಟಿದ್ದ. ನನ್ನ ಗ್ಯಾಸಿನ ತಿರುಪು ಬಿಗಿಮಾಡಿಲ್ಲವೆಂದು ನೆನಪಾಯಿತು. ಆಳುಗಳನ್ನು ಇಳಿಸುವ ಕೇಜ್ ಖಾಲಿಯಾಗಿ ಇಳಿಯುವುದರಲ್ಲಿತ್ತು. ಐದು ನಿಮಿಷದ ಕೆಲಸ ತಾನೇ ಎಂದು ಬಿಲ್ಲೆಯಿಲ್ಲದೆ ನುಗ್ಗಿಬಿಟ್ಟ.

ಅವನು ನನ್ನ ಮುಂದೆ ನಿಂತದ್ದೇ ತಡ, ಬಂಡೆ ಸಿಡಿಯಿತು. ದಾರಿ ಮುಚ್ಚಿತು, ದೀಪ ಹೋಯಿತು, ಫೋನ್ ಸತ್ತಿತು. ಅಮಲದಾಸ್ ಕೂಗಿದ, ಕಲ್ಲಿಗೆ ಕಲ್ಲು ಕುಟ್ಟಿದ, ಕೊನೆಗೆ ತಲೆ ಮೇಲೆ ಕೈಹೊತ್ತು ಕುಳಿತ.

"ಬಿಲ್ಲೆ ಮೇಲೇ ತೂಗ್ತಾ ಇದೆ. ಯಾರು ಹುಡುಕ್ತಾರೆ ನನ್ನ?"

ನನ್ನ ದೆಸೆಯಿಂದ ಬಂದು ಸಿಕ್ಕಿಬಿದ್ದನಲ್ಲ ಎಂದು ನನಗೆ ಸಂಕಟವಾಯಿತು. ನನ್ನ ಸುದ್ದಿ ಒಯ್ಯುವ ತಂತಿ ಮಾತ್ರ ಬೇರೆ ಸುರಂಗದಲ್ಲಿ ಹಾದು ಮೇಲೆ ಮೇಡಂ ಕೋಣೆಗೆ ಹೋಗಿತ್ತು, ಉಳಿದುಕೊಂಡಿತ್ತು. ಎಷ್ಟೋ ಹೊತ್ತಿನ ಮೇಲೆ ಅವನಿಗೆ ಅದು ಹೊಳೆಯಿತು. ಮ್ಯಾಂಟಲ್ ಒತ್ತಿದ, ಕೂಗಿದೆ. ತೆಗೆದ, ಸುಮ್ಮನಾದೆ. ಮೂರು ಸಲ ಒತ್ತುವುದು, ಬಿಡುವುದು, ಮತ್ತೆ ಮೂರು ಸಲ. ಒಂದು ಕೈ ಸೋತರೆ ಇನ್ನೊಂದಕ್ಕೆ ಬದಲಿಸಿದ, ನಿಲ್ಲಿಸಲಿಲ್ಲ.

ಮೇಲೆ ನಡೆದದ್ದನ್ನು ಮೇಡಂ ಆಮೇಲೆ ಹೇಳಿದರು. ನನ್ನ ಕೂಗನ್ನು ಕಾಗದದ ಮೇಲೆ ಗೀಚುವ ಯಂತ್ರದ ಪೆನ್ನು ಮೂರು ಮೂರು ಸಲ ಏರುತ್ತಿದ್ದುದನ್ನು ಕಂಡು ಓಡಿದರಂತೆ. ಗಣಿಯ ಮೇಸ್ತ್ರಿ ಹಲಗೆ ತೋರಿಸಿದನಂತೆ.

"ಆ ಸುರಂಗದೋರ ಬಿಲ್ಲೆ ಎಲ್ಲಾ ಇದಾವೆ ಮೇಡಂ. ಕೆಳಗೆ ಯಾರೂ ಇಲ್ಲ. ಇನ್ನೊಂದ್ಸಲ ಸಿಡಿದ್ರೆ ಅಗೆಯೋರೇ ಹೋಗ್ತಾರೆ."

ಮೇಡಂ ಕಾಗದವನ್ನು ಅವನ ಮುಖಕ್ಕೆ ಹಿಡಿದರು. "ಪ್ರೋಟಾನಿಗೆ ಮೂರರ ಮಗ್ಗಿ ಬರಲ್ಲ ಕಣ್ರೀ! ಮ್ಯಾಂಟಲ್ ಇಟ್ಕೊಂಡು ಓಡಾಡೋನು ಅಮಲದಾಸ್ ಒಬ್ನೇ, ಅವನು ಕೆಳಗಿದ್ದಾನೆ. ಅಗೀರಿ!"

ಮರುದಿನ ಅವನನ್ನು ಜೀವಂತವಾಗಿ ಹೊರಗೆಳೆದರು.

ಈಗ ನಾನು ತುಕ್ಕು ಹಿಡಿದ ಮುದುಕ. ಗಣಿ ಮುಚ್ಚಿದರು, ಪಂಪು ನಿಲ್ಲಿಸಿದರು, ನೀರು ನನ್ನನ್ನು ಮುಳುಗಿಸಿದೆ. ಇವತ್ತು ಪ್ರೋಟಾನ್ ಒಡೆದರೂ ಯಾರಿಗೂ ತಿಳಿಯದು. ಬೇಸರವಿಲ್ಲ ಎಂದರೆ ಸುಳ್ಳಾದೀತು. ಕೊನೆಯ ದಿನ ತಂತಿ ಕತ್ತರಿಸಲು ಬಂದವನು ಅಮಲದಾಸನೇ. ನನ್ನನ್ನು ಮೇಲೆ ಸಾಗಿಸೋಣವೆಂದು ಎಲ್ಲರ ಕೈಕಾಲು ಹಿಡಿದಿದ್ದನಂತೆ, ಯಾರೂ ಒಪ್ಪಲಿಲ್ಲ. ಕತ್ತರಿಸಿ, ನನ್ನ ಮೇಲೆ ಅಂಗೈಯಿಟ್ಟು ಗಳಗಳನೆ ಅತ್ತ.

"ನೀನು ನನ್ನ ಬಿಡಿಸ್ದೆ. ನಿನ್ನ ಬಿಡ್ಸೋಕೆ ನನ್ ಕೈಲಾಗ್ಲಿಲ್ವಲ್ಲಪ್ಪಾ."

ಇರಲಿ ಬಿಡಯ್ಯಾ, ನೀನು ಹೋಗು ಎನ್ನಬೇಕೆಂದಿದ್ದೆ. ಹೇಳಲು ತಂತಿಯಿರಲಿಲ್ಲ.