ಮೊಳೆಯ ಮೇಲಿನ ಬೂದು ಕೋಟು

“ಈಗ ನಾನು ಯಾರು?”

ರಾಗ್ನಾ ಕೇಳಿದ್ದು ಯಾರನ್ನೂ ಅಲ್ಲ. ಅಪ್ಪನ ಬೂದು ಕೋಟಿನ ತೋಳು ಅವಳ ಬೆರಳುಗಳನ್ನೂ ನುಂಗಿಕೊಂಡಿತ್ತು. ಮುಂಬಾಗಿಲ ಮೆಟ್ಟಿಲ ಕೆಳಗೆ, ಒಣಗಿದ ಕಡಲಪಾಚಿಯ ಮೆತ್ತೆಯ ಮೇಲೆ ಕಾವು ಕೂತಿದ್ದ ಐಡರ್ ಬಾತು ಒಂದು ಕಣ್ಣು ತೆರೆದು ಕೋಟನ್ನು ನೋಡಿತು. ಮನೆಯ ಯಜಮಾನ ಹಾಲ್ವರ್ ಬಂದ ಎಂದುಕೊಂಡಿರಬೇಕು, ಮತ್ತೆ ಮುಚ್ಚಿತು. ಹಾಲ್ವರ್ ಮಾತ್ರ ಒಳಗೆ, ನಡುಮನೆಯಲ್ಲಿ, ಬಿಳಿ ಬಟ್ಟೆ ಹೊದ್ದು ಮಲಗಿದ್ದ. ನಾಳೆ ಬೆಳಿಗ್ಗೆ ಅವನ ಶವಪೆಟ್ಟಿಗೆ ದೋಣಿಯಲ್ಲಿ ಚರ್ಚಿನ ದ್ವೀಪಕ್ಕೆ ಹೋಗಬೇಕಿತ್ತು.

ವಸಂತ ಬಂತೆಂದರೆ ಈ ಬಾತುಗಳು ಕಡಲಿನಿಂದೆದ್ದು ಮನೆಯಂಗಳಕ್ಕೆ ಬರುತ್ತವೆ. ಸಾಕಿದವಲ್ಲ, ಯಾರ ಮಾತೂ ಕೇಳುವವಲ್ಲ. ಕಲ್ಲು ಹಲಗೆ ಜೋಡಿಸಿ ಕಟ್ಟಿಕೊಟ್ಟ ಗೂಡುಗಳಲ್ಲೋ ದೋಣಿಮನೆಯಲ್ಲೋ ಮೆಟ್ಟಿಲ ಕೆಳಗೋ, ಮನಸ್ಸು ಬಂದಲ್ಲಿ ಮೊಟ್ಟೆಯಿಡುತ್ತವೆ. ಮರಿಗಳು ನೀರಿಗಿಳಿದ ಮೇಲೆ ಗೂಡಿನಲ್ಲಿ ಉಳಿದ, ರಜಾಯಿಗೆ ತುಂಬುವ ಬೆಲೆಬಾಳುವ ತುಪ್ಪುಳು ಮನೆಯವರದು. ಅಲ್ಲಿಯವರೆಗೆ ದ್ವೀಪದಲ್ಲಿ ನಾಯಿಯಿಲ್ಲ, ಸುತ್ತಿಗೆಯ ಸದ್ದಿಲ್ಲ, ಮುಂಬಾಗಿಲು ತೆರೆಯುವಂತಿಲ್ಲ. ಗೂಡುಗಳ ನಡುವೆ ಓಡಾಡುವವರು ಒಬ್ಬರೇ. ಅವರೂ ಕಡೆಯ ಮರಿ ಹೋಗುವವರೆಗೆ ಉಟ್ಟ ಬಟ್ಟೆ ಬದಲಿಸುವಂತಿಲ್ಲ.

ಅಪ್ಪ ತೀರಿಕೊಂಡ ಮರುದಿನ ರಾಗ್ನಾ ಅದನ್ನು ಮರೆತು ತನ್ನ ನೀಲಿ ಸ್ವೆಟರಿನಲ್ಲೇ ದೋಣಿಮನೆಗೆ ಹೋಗಿದ್ದಳು. ಬಾತುಗಳು ದಡಬಡಿಸಿ ಎದ್ದು ಕಡಲಿಗೆ ಹಾರಿದವು. ಅವು ತಿರುಗಿ ಬರುವಷ್ಟರಲ್ಲಿ ಕಾಗೆಗಳು ಕೆಲಸ ಮುಗಿಸಿದ್ದವು. ಅಪ್ಪ ಹೋದಾಗ ಬಾರದ ಅಳು ಅವಳಿಗೆ ಆ ಒಡೆದ ಚಿಪ್ಪುಗಳನ್ನು ನೋಡಿ ಬಂತು. ಒಳಗೆ ಹೋದವಳೇ ಮೊಳೆಯಿಂದ ಬೂದು ಕೋಟು ತೆಗೆದು ತೊಟ್ಟಳು. ಆಮೇಲೆ ಒಂದು ಬಾತೂ ಜಾಗ ಬಿಟ್ಟು ಏಳಲಿಲ್ಲ.

ಪೆಟ್ಟಿಗೆ ಹೊರಡುವ ಮುನ್ನಾದಿನ ಮಧ್ಯಾಹ್ನ ಅಣ್ಣ ಅಸ್ಮುಂಡ್ ಪಟ್ಟಣದಿಂದ ಬಂದ. ದೂರದಲ್ಲೇ ದೋಣಿಯ ಎಂಜಿನ್ ನಿಲ್ಲಿಸಿ ಹುಟ್ಟು ಹಾಕುತ್ತ ಬಂದನೇನೋ ನಿಜ, ಮೈಮೇಲಿದ್ದದ್ದು ಮಾತ್ರ ಕಣ್ಣು ಕುಕ್ಕುವ ಕಿತ್ತಳೆ ಮೇಲಂಗಿ.

“ಬಿಚ್ಚೋ ಮಾರಾಯ ಅದನ್ನ! ಹಣ್ಣಿನ ಅಂಗಡಿ ತೆಗೆಯೋಕೆ ಬಂದ್ಯಾ?” ಎಂದು ರಾಗ್ನಾ ದಡದಿಂದ ಪಿಸುಗುಟ್ಟಿದಳು.

ಅವನು ನಗುತ್ತ ಮೇಲಂಗಿ ಬಿಚ್ಚಿ ಸುತ್ತಿಟ್ಟ. ತಲೆಯೆತ್ತಿದಾಗ ನಗು ಇರಲಿಲ್ಲ. “ಒಂದು ಗಳಿಗೆ ಅಪ್ಪನೇ ನಿಂತಿದಾನೆ ಅಂದ್ಕೊಂಡೆ ಕಣೇ.”

“ಬಾತಿಗೂ ನಿನಗೂ ಒಂದೇ ಬುದ್ಧಿ ಬಿಡು.”

ಹಿತ್ತಲ ಬಾಗಿಲಿಂದ ಅಡುಗೆಮನೆಗೆ ಬಂದರು. ಅಮ್ಮ ಬೋರ್ಗಿಲ್ಡ್ ಕಾಫಿ ಬಗ್ಗಿಸಿ, ರೊಟ್ಟಿಯ ಮೇಲೆ ಕಂದು ಚೀಸ್ ಹೆರೆದು ಮುಂದಿಟ್ಟಳು. ಅಸ್ಮುಂಡ್ ತಿನ್ನಲಿಲ್ಲ.

“ಚಳಿಗಾಲದಲ್ಲಿ ಅಪ್ಪ ಫೋನಲ್ಲಿ ಹೇಳಿದ್ದ, ನನ್ನನ್ನ ಕೋಟು ಹಾಕೇ ಕಳಿಸು ಅಂತ. ನಾನೂ ಆಗಲಿ ಅಂದಿದ್ದೆ. ಪೆಟ್ಟಿಗೆ ಮುಚ್ಚೋ ಮೊದಲು ತೊಡಿಸಬೇಕು.”

ರಾಗ್ನಾ ಗಲಿಬಿಲಿಗೊಂಡಳು. “ಮೊನ್ನೆ ಮೊನ್ನೆ ಹಾಸಿಗೆ ಹಿಡಿದ ಮೇಲೆ ನನಗೆ ಹೇಳಿದ್ದೇ ಬೇರೆ. ಕೋಟು ಮೊಳೆ ಮೇಲೇ ಇರಲಿ ಅಂದ.”

“ಇದೇ ಕೋಟು?”

“ಕೋಟು ಅಂದ. ನಿನಗೆ ಹೇಳಿದ್ದು ಚರ್ಚಿನ ಕರಿ ಕೋಟು ಇರಬಹುದಲ್ವಾ?”

“ಅದನ್ನ ಯಾವತ್ತು ಕೋಟು ಅಂತ ಕರೆದಿದ್ದ? ಪಾದ್ರಿ ವೇಷ ಅಂತಿದ್ದ.”

ಅದು ನಿಜವಾಗಿತ್ತು. ಈ ಮನೆಯಲ್ಲಿ ಕೋಟು ಎಂದರೆ ಬೂದು ಕೋಟು, ಬೇರೆಯದಕ್ಕೆ ಆ ಹೆಸರಿಲ್ಲ. ಇಬ್ಬರೂ ಅಮ್ಮನ ಕಡೆ ತಿರುಗಿದರು.

“ನನ್ನನ್ನೇನು ನೋಡ್ತೀರಿ? ನಿಮ್ಮಪ್ಪ ಎರಡು ಮಾತಿನ ಮನುಷ್ಯರಲ್ಲ. ಒಂದು ಮಾತು ಆಡಿಸೋಕೇ ನಾನು ಒದ್ದಾಡ್ತಿದ್ದೆ. ಹೋಗೋವಾಗ ನೋಡು, ಇಬ್ಬರಿಗೂ ಒಂದೊಂದು ಹಂಚಿ ಹೋಗಿದಾರೆ!” ಅಮ್ಮ ನಕ್ಕಳು. ನಗುತ್ತಲೇ ಏಪ್ರನ್ನಿನ ಅಂಚಿನಿಂದ ಕಣ್ಣೊರೆಸಿಕೊಂಡಳು.

“ಬೇರೆ ಯಾವುದಾದ್ರೂ ಬೂದು ಬಟ್ಟೆ ಹಾಕ್ಕೋ” ಎಂದ ಅಸ್ಮುಂಡ್.

“ಅವು ಏಳ್ತಾವೋ ಇಲ್ವೋ ಅಂತ ನೋಡೋಕೆ ಯಾವ ಗೂಡನ್ನ ಕಾಗೆಗೆ ಒಡ್ಡಲಿ? ನೀನೇ ಆರಿಸು.”

ಅವನು ರೊಟ್ಟಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಸಂಜೆ ಮೂವರೂ ಅಪ್ಪನ ಪಕ್ಕದಲ್ಲಿ ಕೂತು ಕೀರ್ತನೆ ಹೇಳಿದರು. ಹಕ್ಕಿಗಳಿಗೆ ಕೇಳಿಸದಷ್ಟು ಮೆಲ್ಲಗೆ. ಪ್ರಾರ್ಥನೆಗೆ ಕಣ್ಣು ಮುಚ್ಚಿದ ರಾಗ್ನಾಗೆ ದೇವರಲ್ಲಿ ಏನು ಬೇಡಬೇಕೆಂಬುದೇ ಹೊಳೆಯಲಿಲ್ಲ. ಕೊಟ್ಟರೆ ಮೊಟ್ಟೆಗಳು ತಣ್ಣಗಾಗುತ್ತವೆ. ಇಟ್ಟುಕೊಂಡರೆ ಅಪ್ಪ ಅಣ್ಣನ ಬಾಯಲ್ಲಿಟ್ಟು ಹೋದ ಮಾತು ಹುಸಿಯಾಗುತ್ತದೆ. ಎರಡೂ ಅಪ್ಪನವೇ.

ಬೆಳಿಗ್ಗೆ ಅಸ್ಮುಂಡ್ ಪೆಟ್ಟಿಗೆಯ ಮುಚ್ಚಳಕ್ಕೆ ತಿರುಪುಗಳನ್ನು ಜೋಡಿಸಿಟ್ಟ, ಮೊಳೆ ಹೊಡೆಯುವಂತಿರಲಿಲ್ಲವಲ್ಲ. ರಾಗ್ನಾ ಕೊಡುವುದೆಂದೇ ನಿಶ್ಚಯಿಸಿದ್ದಳು. ಬಾತನ್ನು ಒಮ್ಮೆ ನೋಡಿ ಬರುತ್ತೇನೆಂದು ಹಿತ್ತಲಿಂದ ಬಳಸಿ ಮೆಟ್ಟಿಲ ಬಳಿ ಬಂದು, ಅಲ್ಲೇ ಗುಂಡಿ ಬಿಚ್ಚತೊಡಗಿದಳು. ಗಾಳಿ ಬೀಸಿತು. ಕೋಟಿನ ಅಂಚು ಹಾರಿ ಒಳಗಿನ ನೀಲಿ ಸ್ವೆಟರ್ ಕಾಣಿಸಿತು. ಬಾತು ಕತ್ತು ನೀಳ ಮಾಡಿ ಅರ್ಧ ಎದ್ದಿತು. ಕೆಳಗೆ ಹಸಿರು ಮೊಟ್ಟೆಗಳು ಕಂಡವು. ರಾಗ್ನಾ ಉಸಿರು ಬಿಗಿಹಿಡಿದು ಕೋಟನ್ನು ಎರಡೂ ಕೈಯಿಂದ ಮುಚ್ಚಿಕೊಂಡಳು. ಬಹಳ ಹೊತ್ತಾದ ಮೇಲೆ ಬಾತು ಮೆಲ್ಲಗೆ ಮತ್ತೆ ಕುಸಿದು ಕೂತಿತು.

ತಿರುಗಿದರೆ ಅಸ್ಮುಂಡ್ ಮನೆಯ ಮೂಲೆಯಲ್ಲಿ ನಿಂತಿದ್ದ. ಅವನೂ ನೋಡಿದ್ದ. ಆದರೂ ಕೈ ಚಾಚಿದ. ಅವನ ದನಿ ಎಂಟು ವರ್ಷದ ಹುಡುಗನದಾಗಿತ್ತು.

“ಕೊಡೇ ರಾಗ್ನಾ. ದೋಣಿಗೆ ಹೊತ್ತಾಯ್ತು. ಅಪ್ಪನಿಗೆ ಚಳಿಯಾಗುತ್ತೆ.”

ಯಾವುದು ಸರಿಯೆಂದು ಅವಳಿಗೆ ಆಗಲೂ ತಿಳಿದಿರಲಿಲ್ಲ. ಹೂಂ ಎನ್ನಲೆಂದೇ ಬಾಯಿ ತೆರೆದಳು.

“ಕೊಡಲ್ಲ ಅಣ್ಣಾ” ಎಂದಳು.