ಎಪ್ಪತ್ತರಲ್ಲಿ ನಿಲ್ಲದ ಮುಳ್ಳು

ನಸ್ರೀನಳ ಅಪ್ಪನ ಮುಂದೆ ರೈಫಲ್ಲಿನ ಪೆಟ್ಟಿಗೆ ಬಿಚ್ಚುವಾಗ ನಾನು ಅವಳ ಕಡೆ ನೋಡಲಿಲ್ಲ. ಅವಳೂ ನನ್ನನ್ನು ನೋಡಲಿಲ್ಲ. ಅಂಗಳದಲ್ಲಿ ಕುಳಿತು ನಿಂಬೆಹಣ್ಣು ಆರಿಸುತ್ತಿದ್ದಳು. ಸಣ್ಣವು ಎಡಕ್ಕೆ, ನಡುವಿನವು ಬಲಕ್ಕೆ, ದೊಡ್ಡವು ಗೋಡೆಗೆ ಆನಿಸಿದ ಬುಟ್ಟಿಗೆ. ಬುಟ್ಟಿ ಹತ್ತು ಹೆಜ್ಜೆ ದೂರವಿತ್ತು. ಎಸೆದ ಹಣ್ಣು ಒಂದೂ ಹೊರಗೆ ಬೀಳಲಿಲ್ಲ.

ನಮ್ಮಿಬ್ಬರಿಗೂ ಇದೇ ಒಂದು ಏರ್ ರೈಫಲ್. ಇಂಡಿ ಪಟ್ಟಣದ ಹಳೆಯ ಬೀಜದ ಗೋದಾಮಿನಲ್ಲಿ ಸಿದ್ದಲಿಂಗ ಸರ್ ಹತ್ತು ಮೀಟರಿನ ಗುರಿ ಕಟ್ಟಿ ಕಲಿಸುತ್ತಿದ್ದರು. ರಾಜ್ಯಮಟ್ಟದ ಸ್ಪರ್ಧೆಗೆ ಒಬ್ಬಳನ್ನೇ ಕಳಿಸಬೇಕಿತ್ತು. ಆ ಒಬ್ಬಳು ನಸ್ರೀನ ಎಂಬುದರಲ್ಲಿ ದಸರೆಯವರೆಗೆ ನನಗೂ ಅನುಮಾನವಿರಲಿಲ್ಲ. ಹಬ್ಬ ಮುಗಿದ ಮೇಲೆ ಅವಳ ಗುಂಡುಗಳು ಮೇಲೆ ಹೋಗತೊಡಗಿದವು. ಒಂದು ಹತ್ತು, ಮುಂದಿನದು ಒಂಬತ್ತು, ಆಮೇಲೆ ಎಂಟು. ಎಡಕ್ಕಲ್ಲ, ಬಲಕ್ಕಲ್ಲ, ನಡುಬಿಂದುವಿನ ನೆಟ್ಟಗೆ ಮೇಲೆ. ಮೊದಲೇ ತಡೆದು ಹೊಡೆಯುವವಳು, ಹೆದರಿ ಇನ್ನೂ ನಿಧಾನ ಮಾಡಿದಳು. ಗುಂಡು ಇನ್ನೂ ಮೇಲೆ ಹೋಯಿತು.

"ರೈಫಲ್ಲಿನ್ಯಾಗ ಏನೋ ಐತ್ರಿ ಸರ್," ಎಂದಿದ್ದಳು.

"ಅದೇ ರೈಫಲ್ ಶೈಲಾ ಹಿಡದ್ರ ನೆಟ್ಟಗ ಹೊಡೀತೈತಲ್ಲ? ನಿನ್ನ ತಲಿಯೊಳಗ ಐತಿ. ಭಾಳ ವಿಚಾರ ಮಾಡ್ತಿ ನೀ."

ಶೈಲಾ ಎಂದರೆ ನಾನು, ಶೈಲಶ್ರೀ. ಉಸಿರು ಬಿಟ್ಟ ಕೂಡಲೇ ಹೊಡೆದು ಮುಗಿಸುವವಳು. ಡಿಸೆಂಬರಿನ ಆಯ್ಕೆಯಲ್ಲಿ ಹನ್ನೊಂದು ಅಂಕಗಳಿಂದ ಗೆದ್ದೆ. ಮಾರನೆಯ ದಿನದಿಂದ ನಸ್ರೀನ ಗೋದಾಮಿಗೆ ಬರಲಿಲ್ಲ.

ಈ ವಾರ ಫೈನಲ್ಲಿನ ಅಭ್ಯಾಸ ಶುರುವಾಯಿತು. ಫೈನಲ್ಲಿನಲ್ಲಿ ಆಜ್ಞೆ ಕೊಟ್ಟಾಗ ಮಾತ್ರ ಒಂದೊಂದು ಗುಂಡು, ನಡುವೆ ಕಾಯಬೇಕು. ಕಾದು ಹೊಡೆದೆ. ಗುಂಡು ಮೇಲೆ ಹೋಯಿತು. ಮೂರು ದಿನವೂ ಹಾಗೇ. ಸರ್ ನನಗೆ ತಲೆಯ ಮಾತು ಎತ್ತಲಿಲ್ಲ. "ರೆಗ್ಯುಲೇಟರ್ ಕೆಟ್ಟಿರಬೇಕು ತಗೋ. ಝಳಕಿ ಊರಿಗೆ ಹೋಗು. ಜೈನುದ್ದೀನ ಸಕ್ಕರಿ ಫ್ಯಾಕ್ಟರಿಯೊಳಗ ಇಂಥಾವನ್ನೇ ರಿಪೇರಿ ಮಾಡ್ತಾನ," ಎಂದರು.

ಜೈನುದ್ದೀನ ನಸ್ರೀನಳ ಅಪ್ಪ.

"ತಡಾ ಮಾಡಿ ಹೊಡದ್ರ ಮ್ಯಾಲ ಹೋಗತೈತಿ?" ಎಂದು ಈಗ ಅವರು ಬಿಚ್ಚಿದ ಪೆಟ್ಟಿಗೆ ನೋಡುತ್ತ ಕೇಳಿದರು.

"ಹೌದ್ರಿ ಕಾಕಾ."

"ಬೆನ್ನ ಬೆನ್ನ ಹೊಡದ್ರ?"

"ನೆಟ್ಟಗ ಹೋಗತೈತ್ರಿ."

ಅಂಗಳದಲ್ಲಿ ನಿಂಬೆಹಣ್ಣು ಬೀಳುವ ಸದ್ದು ಒಮ್ಮೆ ನಿಂತು ಮತ್ತೆ ಶುರುವಾಯಿತು.

ಕಾಕಾ ರೆಗ್ಯುಲೇಟರಿನ ಬಾಯಿಗೆ ಗೇಜು ಸಿಗಿಸಿದರು. ಸಿಲಿಂಡರಿನಲ್ಲಿ ಇನ್ನೂರು ಬಾರ್ ಒತ್ತಡ. ಅದರಿಂದ ಪ್ರತಿ ಗುಂಡಿಗೆ ಎಪ್ಪತ್ತನ್ನೇ ಅಳೆದು ಬಿಡುವುದು ರೆಗ್ಯುಲೇಟರಿನ ಕೆಲಸ. ಮುಳ್ಳು ಎಪ್ಪತ್ತಕ್ಕೆ ಬಂದು ನಿಂತಿತು. "ಸರಿ ಐತ್ರಲ್ಲಾ," ಎಂದೆ.

"ತಡೀಯವ್ವಾ. ಚಾ ಕುಡಿ."

ಚಹಾ ಕುಡಿಯುವಷ್ಟರಲ್ಲಿ ಮುಳ್ಳು ಎಪ್ಪತ್ತನಾಲ್ಕಾಯಿತು. ಕಪ್ಪು ಕೆಳಗಿಟ್ಟಾಗ ಎಂಬತ್ತು.

"ನಳಾ ಬಂದ್ ಮಾಡೇವಿ, ಆದ್ರ ಹನಿ ನಿಂತಿಲ್ಲ. ಕಾದಷ್ಟೂ ಒತ್ತಡ ಏರತೈತಿ, ಗುಂಡು ಜೋರ ಹೋಗಿ ಮ್ಯಾಲ ಬಡೀತೈತಿ. ಒಳಗ ಏನೋ ಸಿಕ್ಕೊಂಡೈತಿ."

ಗಾಳಿಯನ್ನೆಲ್ಲ ಖಾಲಿ ಮಾಡಿ ರೆಗ್ಯುಲೇಟರ್ ಬಿಚ್ಚಿದರು. ಒಂದರ ಬೆನ್ನಿಗೊಂದು ಕೂತ ಬಟ್ಟಲಿನಂಥ ವಾಷರುಗಳನ್ನು ಕಾಗದದ ಮೇಲೆ ಸಾಲಾಗಿಟ್ಟರು. ಕೊನೆಗೆ ಗಾಳಿಯನ್ನು ತಡೆಯುವ ಬಿಳಿ ಸೀಲು ಬಂತು. ಕನ್ನಡಕ ಏರಿಸಿ ಬಿಸಿಲಿಗೆ ಹಿಡಿದರು. ಅದರ ಮೇಲೆ ತುಕ್ಕಿನಂಥ ಕೆಂಪು ಗೆರೆ.

"ಜಂಗು ಹಿಡದೈತೇನ್ರಿ?"

ಅವರು ಬೆರಳನ್ನು ನೀರಿಗೆ ಅದ್ದಿ ಗೆರೆಯ ಮೇಲೆ ಒರೆಸಿದರು. ಬೆರಳ ತುದಿ ಕೆಂಪಾಯಿತು. ಮೂಸಿದರು.

"ಇದು ಕುಂಕಮ."

ನನಗೆ ದಸರೆಯ ಆಯುಧಪೂಜೆ, ನಮ್ಮ ಕಡೆಯ ಖಂಡೇಪೂಜೆಯ ದಿನ ಕಣ್ಣ ಮುಂದೆ ಬಂತು. ತುಂಬಿದ ಸಿಲಿಂಡರನ್ನು ದೀಪದ ಹತ್ತಿರ ಇಡಬಾರದೆಂದು ಸರ್ ಬಿಚ್ಚಿಸಿದ್ದರು. ರೈಫಲ್ಲನ್ನು ಮಣೆಯ ಮೇಲೆ ಇಟ್ಟು ನಾನೇ ಕುಂಕುಮ ಹಚ್ಚಿದ್ದೆ. ನಳಿಕೆಗೆ, ಹಿಡಿಕೆಗೆ, ಸಿಲಿಂಡರ್ ಕೂರುವ ತೆರೆದ ಬಾಯಿಗೂ. ಭಕ್ತಿ ಹೆಚ್ಚಾಗಿ ಅಲ್ಲಿ ಒಂದು ಚಿಟಿಕೆ ಜಾಸ್ತಿಯೇ. ಮರುದಿನ ಸಿಲಿಂಡರ್ ತಿರುಗಿಸಿದಾಗ ಇನ್ನೂರು ಬಾರ್ ಗಾಳಿ ಅದನ್ನು ಒಳಗೆ ಹೊಡೆದಿತ್ತು. ಆ ದಿನ ಪೂಜೆಗೆ ಚೆಂಡುಹೂ ತಂದವಳು ನಸ್ರೀನ.

ಅವಳು ಬಾಗಿಲಲ್ಲಿ ನಿಂತಿದ್ದಳು. ಅಪ್ಪನ ಬೆರಳು ನೋಡಿದಳು, ಆಮೇಲೆ ನನ್ನ ಮುಖ.

"ಅಂದ್ರ ನನ್ನ ಕೈ ಅಲ್ಲ," ಎಂದಳು.

"ನಸ್ರೀನ, ನನಗ ಖರೇನೂ ಗೊತ್ತಿರಲಿಲ್ಲ..."

"ಈಗ ಗೊತ್ತಾತಲ್ಲ. ಸ್ಪರ್ಧೆಗೆ ಕೊಟ್ಟ ಹೆಸರು ಬದಲ್ ಮಾಡಾಕ ಯಾವತ್ತಿನ ತನಕ ಐತಿ?"

"ಶನಿವಾರ."

ಅಂದು ಗುರುವಾರ.

"ಸರ್‌ಗೆ ಹೇಳ್ತಿಯೇನ?"

"ಹೇಳ್ತೇನಿ."

ಅವಳು ವಾಪಸು ಹೋಗಿ ನಿಂಬೆಹಣ್ಣಿನ ಮುಂದೆ ಕೂತಳು. ಕಾಕಾ ಸೀಲನ್ನು ತೊಳೆದು, ಗಾಜಿನ ತುಂಡಿನ ಮೇಲೆ ಪಾಲಿಶ್ ಪೇಪರ್ ಹಾಸಿ ನಯ ಮಾಡಿ, ಮತ್ತೆ ಜೋಡಿಸಿದರು. ಗೇಜು ಹಾಕಿ ಅರ್ಧ ತಾಸು ಕಾದೆವು. ಮುಳ್ಳು ಎಪ್ಪತ್ತು ಬಿಟ್ಟು ಅಲುಗಲಿಲ್ಲ. ಹೊರಡುವಾಗ ಅವರು ಕಾಗದದ ಮೇಲೆ ಉಳಿದ ಕೆಂಪು ಪುಡಿಯನ್ನು ಪೊಟ್ಟಣ ಕಟ್ಟಿ ನನ್ನ ಕೈಗಿಟ್ಟರು.

"ನಿಮ್ಮ ಸರ್‌ಗೆ ತೋರಸು. ಬಾಯಿಲೆ ಹೇಳಿದ್ರ ನಂಬಂಗಿಲ್ಲ ಅವ್ರು."

ಇಂಡಿಗೆ ಹೋಗುವ ಟೆಂಪೋದಲ್ಲಿ ಮೊದಲ ಎರಡು ಊರು ದಾಟುವವರೆಗೆ ಪೊಟ್ಟಣ ಮುಷ್ಟಿಯಲ್ಲೇ ಇತ್ತು. ಆಮೇಲೆ ಬ್ಯಾಗಿಗೆ ಹೋಯಿತು. ಇಳಿಯುವಾಗ ಬ್ಯಾಗಿನ ಜಿಪ್ಪು ಹಾಕಿಬಿಟ್ಟಿದ್ದೆ.

ಗೋದಾಮಿನಲ್ಲಿ ಸರ್ ಕಾಯುತ್ತಿದ್ದರು. "ಏನಾಗಿತ್ತಂತ?"

"ಸೀಲು ಸವೆದಿತ್ರಿ," ಎಂದೆ.

"ಅಷ್ಟನ?"

"ಅಷ್ಟ್ರೀ."

"ನೋಡು, ಆ ಜೈನುದ್ದೀನನ ಕೈ ಎಷ್ಟು ಚಲೋ ಐತಿ," ಸರ್ ರೈಫಲ್ಲನ್ನು ತಿರುಗಿಸಿ ನೋಡಿದರು. "ಮಗಳ ಕೈಗೆ ಅದರೊಳಗಿಂದು ಒಂದೀಟರ ಬರಬೇಕಿಲ್ಲೋ?"

ನಾನು ನಕ್ಕೆ. ಗಟ್ಟಿಯಾಗಿಯೇ ನಕ್ಕೆ.

ಗುರಿಯ ಮುಂದೆ ನಿಂತು ರೈಫಲ್ ಎತ್ತಿದೆ. ಜೀವನದಲ್ಲಿ ಮೊದಲ ಸಲ ನಸ್ರೀನಳಷ್ಟು ನಿಧಾನ ಮಾಡಿದೆ. ಒಂದು ಪೂರ್ತಿ ನಿಮಿಷ. ಹೊಡೆದೆ.

ಹತ್ತು. ನಟ್ಟನಡುವೆ.