ಶುಕೂರ್ ಸಾಹೇಬರ ಎಂಬತ್ತಾರು ಅಳತೆ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಬೀದಿಯಲ್ಲಿ ಎಲ್ಲರಿಗೂ ಗೊತ್ತು. ಆ ಶುಕ್ರವಾರ ಮಾತ್ರ ಬೈಯಲು ಯಾರೂ ಸಿಗಲಿಲ್ಲ. ಕಂಪ್ಯೂಟರ್ ಕೆಡಿಸಿದವಳು ನಾನೇ.

ಹೆಸರು ರಾಧಾಮಣಿ, ಚನ್ನಪಟ್ಟಣದಲ್ಲಿ ಬೊಂಬೆ ಮಾಡುವವಳು. ಮರ ಕಡೆಯುವ ಲೇತ್ ಮುಂದೆ ಕೂರುವುದನ್ನು ಕಲಿಸಿದವರು ಶುಕೂರ್ ಸಾಹೇಬರು. ಹದಿನಾಲ್ಕು ವರ್ಷದಿಂದ ಅವರೇ ನನ್ನ ಉಸ್ತಾದರು. ಒಂದು ಅಳತೆಯನ್ನೂ ಅವರು ಬರೆದಿಟ್ಟವರಲ್ಲ, ಎಲ್ಲ ಕೈಯಲ್ಲೇ. ಹೋದ ವರ್ಷ ನಾನು ಹಠ ಹಿಡಿದು, ದಿನಕ್ಕೊಂದು ಬೊಂಬೆಯಂತೆ ಹೇಳಿಸಿಕೊಂಡು, ಎಂಬತ್ತಾರು ಬೊಂಬೆಗಳ ಚಿತ್ರವನ್ನೂ ಅಳತೆಯನ್ನೂ ಕಂಪ್ಯೂಟರಿಗೆ ಹಾಕಿದೆ. ಆಮೇಲೆ ಅವರಿಗೆ ಲಕ್ವ ಹೊಡೆಯಿತು. ಈಗ ಬಲಗೈ ಏಳುವುದಿಲ್ಲ. ಮಾತು ಸರಿಯಾಗಿದೆ, ಆದರೆ ಅಂಕಿ ಹೇಳಲು ಹೋದರೆ ಮೂರು ಏಳಾಗುತ್ತದೆ, ಏಳು ಎರಡಾಗುತ್ತದೆ. ಅವರ ಅಷ್ಟು ವರ್ಷದ ಕೆಲಸ ಉಳಿದಿದ್ದು ನನ್ನ ಆ ಕಂಪ್ಯೂಟರ್ ಪೆಟ್ಟಿಗೆಯಲ್ಲಿ ಮಾತ್ರ. ಇನ್ನೊಂದು ಕಾಪಿ ತೆಗೆದಿಡುವ ಬುದ್ಧಿ ಈ ದಡ್ಡ ತಲೆಗೆ ಬಂದಿರಲಿಲ್ಲ.

ಆ ಶುಕ್ರವಾರ, ಬೊಂಬೆಯನ್ನು ಪರದೆಯ ಮೇಲೆ ತಿರುಗಿಸಿ ತೋರಿಸುವ ಒಂದು ಸಾಫ್ಟ್‌ವೇರ್ ಹಾಕಿಕೊಂಡೆ. ಅದು ತೆವಳಿತು. ಅದನ್ನು ತೆಗೆಯದೆ ಮೇಲೆ ಇನ್ನೊಂದು ಹಾಕಿದೆ. ಅದೂ ಸರಿಹೋಗಲಿಲ್ಲವೆಂದು ಮೂರನೆಯದು. ನಮ್ಮ ಕೆಲಸದಲ್ಲಿ ಅದೇ ರೂಢಿ. ಅರಗಿನ ಬಣ್ಣ ಮಂಕಾದರೆ ತಿರುಗುತ್ತಿರುವ ಮರಕ್ಕೆ ಇನ್ನೊಂದು ಕೋಟು ಒತ್ತುತ್ತೇವೆ, ಮೊದಲಿನದನ್ನು ಯಾರೂ ತೆಗೆಯುವುದಿಲ್ಲ. ಮೂರನೆಯದು ಮುಗಿಯುತ್ತಿದ್ದಂತೆ ಕಂಪ್ಯೂಟರ್ ತಾನಾಗಿ ಆರಿತು, ಹತ್ತಿತು, ನೀಲಿ ಪರದೆ ತೋರಿಸಿತು, ಮತ್ತೆ ಆರಿತು. ಹತ್ತು ಸಲ ನೋಡಿದೆ. ಅದೇ ಆಟ.

ಹತ್ತಿರದ ಒಂದು ಅಂಗಡಿಗೆ ಹೊತ್ತುಕೊಂಡು ಹೋದೆ. ಅಲ್ಲಿದ್ದವನು ಮೊಬೈಲಿನಿಂದ ತಲೆ ಎತ್ತದೆ, "ಫಾರ್ಮ್ಯಾಟ್ ಹೊಡೀಬೇಕು. ಒಳಗಿರೋದೆಲ್ಲಾ ಹೋಯ್ತದೆ" ಎಂದ. ಪೆಟ್ಟಿಗೆಯನ್ನು ಅವನ ಕೈಯಿಂದ ಕಿತ್ತುಕೊಂಡು ಬಂದೆ. ಮೂರು ದಿನ ಉಸ್ತಾದರ ಮನೆ ಕಡೆ ತಲೆ ಹಾಕಲಿಲ್ಲ. ನಾಲ್ಕನೆಯ ದಿನ ತಮ್ಮ ಮಗಳು ಸಾಬಿರಾಳ ಭುಜ ಹಿಡಿದುಕೊಂಡು ಅವರೇ ನಮ್ಮ ಬಾಗಿಲಿಗೆ ಬಂದರು.

"ಏನ್ ಬೇಟಿ, ನಮ್ಮನೆ ದಾರಿ ಮರ್ತ್ಬುಟ್ಟಾ?"

ಅಳುತ್ತಲೇ ಎಲ್ಲವನ್ನೂ ಒದರಿದೆ. ಬೈದಿದ್ದರೆ ಮನಸ್ಸು ಹಗುರವಾಗುತ್ತಿತ್ತೇನೋ. ಅವರು ಜಗಲಿಯ ಮೇಲೆ ಕೂತು ಸಮಾಧಾನವಾಗಿ ಕೇಳಿಸಿಕೊಂಡರು.

"ಮೂರು ಕೋಟು ಹಾಕ್ದಾ?"

"ಹೂಂ, ಉಸ್ತಾದ್ರೇ."

"ಬಣ್ಣ ಸುಟ್ಟೋದ್ರೆ ನಾವೇನ್ ಮಾಡ್ತೀವಿ? ಮರ ಒಲೆಗೆ ಹಾಕ್ತೀವಾ?"

"ಇಲ್ಲ. ಉಳೀಲಿ ಕೆರೀತೀವಿ."

"ಮತ್ತೆ? ಕೆರೆಯೋನ್ನ ಹುಡುಕು. ನಡಿ, ನಾನೂ ಬತ್ತೀನಿ."

ರಾಮನಗರದಲ್ಲಿ ಯೋಗಾನಂದ ಎಂಬವರು ರಿಪೇರಿ ಮಾಡುತ್ತಾರೆ, ತಾಳ್ಮೆಯ ಮನುಷ್ಯ ಎಂದು ಸಾಬಿರಾ ಹೇಳಿದಳು. ಬೇಡವೆಂದರೂ ಕೇಳದೆ ಉಸ್ತಾದರು ನನ್ನ ಜೊತೆ ಬಸ್ ಹತ್ತಿದರು. ದಾರಿಯುದ್ದಕ್ಕೂ ಪೆಟ್ಟಿಗೆ ನನ್ನ ತೊಡೆಯ ಮೇಲೆ, ಅವರ ಎಡಗೈ ಪೆಟ್ಟಿಗೆಯ ಮೇಲೆ.

ಯೋಗಾನಂದ ಫಾರ್ಮ್ಯಾಟ್ ಎಂಬ ಮಾತೇ ಎತ್ತಲಿಲ್ಲ. "ಅಕ್ಕಾ, ಯಾವ್ದು ಮೊದ್ಲು ಹಾಕಿದ್ರಿ, ಯಾವ್ದು ಆಮೇಲೆ? ಒಸಿ ಜ್ಞಾಪಿಸ್ಕೊಂಡು ಹೇಳಿ" ಎಂದು ಚೀಟಿಯಲ್ಲಿ ಬರೆದುಕೊಂಡರು. ಸೇಫ್ ಮೋಡ್ ಅಂತ ಒಂದಿದೆಯಂತೆ, ಅತ್ಯಗತ್ಯವಾದದ್ದನ್ನಷ್ಟೇ ಎಬ್ಬಿಸಿ ಕಂಪ್ಯೂಟರ್ ತೆರೆಯುವ ದಾರಿ. ಅದರಲ್ಲಿ ಒಳಹೊಕ್ಕು, ಕೊನೆಗೆ ಹಾಕಿದ್ದನ್ನು ಮೊದಲು ತೆಗೆದರು. ಆಮೇಲೆ ನಡುವಿನದು. ಅದು ಸುಲಭವಾಗಿ ಹೋಗಲಿಲ್ಲ. ಅದರ ಚೂರುಪಾರುಗಳನ್ನು ಒಂದೊಂದಾಗಿ ಹುಡುಕಿದರು. ಊಟದ ಹೊತ್ತು ಮೀರಿತು, ಅವರ ಮನೆಯಿಂದ ಎರಡು ಸಲ ಫೋನ್ ಬಂತು, ಆ ಮನುಷ್ಯ ಕುರ್ಚಿ ಬಿಟ್ಟು ಏಳಲಿಲ್ಲ. ಮೊದಲು ಹಾಕಿದ್ದೂ ಹೋದ ಮೇಲೆ ಆರಿಸಿ ಹತ್ತಿಸಿದರು. ನೀಲಿ ಬರಲಿಲ್ಲ. ಎಂಬತ್ತಾರೂ ಇದ್ದವು.

"ಗಿಲಕಿ ತೆಗಿ" ಎಂದರು ಉಸ್ತಾದರು.

"ಉದ್ದ ನಾಲ್ಕಿಂಚು ಎರಡು ನೂಲು. ಹಿಡಿ ಐದು ನೂಲು ದಪ್ಪ..." ಎಂದು ಓದಿದೆ; ಇಂಚಿಗೆ ಎಂಟು ನೂಲು, ಅದು ನಮ್ಮ ಲೆಕ್ಕ. ಅವರ ಎಡಗೈ ಗಾಳಿಯಲ್ಲೇ ಆ ಹಿಡಿಯನ್ನು ಸವರಿತು. ಕಣ್ಣು ತುಂಬಿಕೊಂಡು ಯೋಗಾನಂದರ ಕೈ ಹಿಡಿದರು. ನನಗಂತೂ ಆ ಯೋಗಾನಂದರ ಕಾಲಿಗೆ ಬೀಳಬೇಕೆನ್ನಿಸಿತು.

"ನಂದೇನೈತೆ ಸಾಹೇಬ್ರೆ, ಹಾಕಿದ್ನ ತೆಗ್ದೆ ಅಷ್ಟೆ" ಎಂದರು ಅವರು. ಆಮೇಲೆ ನನ್ನ ಕಡೆ ತಿರುಗಿ, "ಅಕ್ಕಾ, ಮೂರು ಪೆನ್ ಡ್ರೈವ್‌ಗೆ ಕಾಪಿ ಮಾಡಿ. ಮೂರೂ ಬೇರೆ ಬೇರೆ ಮನೇಲಿರ್ಲಿ" ಎಂದರು. ಅವರ ಹೊಟ್ಟೆ ತಣ್ಣಗಿರಲಿ.

ಮರುದಿನ ಬೆಳಿಗ್ಗೆ ಉಸ್ತಾದರು ಬಂದು ನನ್ನ ಲೇತ್ ಪಕ್ಕ ಕೂತರು.

"ಬೇಟಿ, ಎಂಬತ್ತಾರಲ್ಲ. ಎಂಬತ್ತೇಳು."

ನಾನು ಲೇತ್ ನಿಲ್ಲಿಸಿದೆ. ಉಸ್ತಾದ್ ಆದವನು ಎಲ್ಲ ಕಲಿಸಿದರೂ ಒಂದನ್ನು ತನ್ನ ಕೈಯಲ್ಲೇ ಉಳಿಸಿಕೊಳ್ಳಬೇಕು, ಅದು ಅವರ ಅಪ್ಪನ ಕಾಲದಿಂದ ಬಂದ ಪದ್ಧತಿಯಂತೆ. ಅವರು ಉಳಿಸಿಕೊಂಡಿದ್ದು ಒಂದು ಬುಗುರಿ.

"ನಿನ್ನೆ ನೀನು ಅತ್ತಿದ್ದು ನನ್ನ ಬೊಂಬೆಗೆ ಅಂತ ಅನ್ನಿಸ್ನಿಲ್ಲ ಕಣವ್ವಾ. ನಿನ್ನ ಬೊಂಬೆಗೆ ಅತ್ತಂಗಿತ್ತು. ಬುಗುರೀನ ಇನ್ಯಾರಿಗೆ ಅಂತ ಮಡೀಕಳ್ಳಿ?"

ಅಳತೆ ಹೇಳಲು ಅಂಕಿ ಬರಲಿಲ್ಲ. ಉಳಿ ಹಿಡಿದ ನನ್ನ ಕೈಯ ಮೇಲೆ ಎಡಗೈ ಇಟ್ಟರು. ಒತ್ತಬೇಕಾದಲ್ಲಿ ಒತ್ತಿದರು, ಸಾಕೆನಿಸಿದಲ್ಲಿ ಹಿಂದಕ್ಕೆಳೆದರು. ನಾಲ್ಕು ಬುಗುರಿ ತೂಗಾಡಿ ಬಿದ್ದವು. ಐದನೆಯದು ಅಲುಗದೆ ಒಂದೇ ಕಡೆ ನಿಂತು ತಿರುಗಿತು. ಅದು ನಿಲ್ಲುವವರೆಗೂ ನಾವಿಬ್ಬರೂ ನೋಡಿದೆವು. ಆ ನೀಲಿ ಪರದೆ ಬರದಿದ್ದರೆ ಈ ಬುಗುರಿ ಅವರೊಂದಿಗೇ ಹೋಗುತ್ತಿತ್ತು. ಅದಕ್ಕೂ ನಾನು ಋಣಿಯೇ.

ಬುಗುರಿಯನ್ನು ಅಳೆದು ಕಂಪ್ಯೂಟರ್ ಮುಂದೆ ಕೂತೆ.

"ಬರ್ಕೊಂಡ್ಯಾ?"

"ಬರ್ಕೊಂಡೆ, ಉಸ್ತಾದ್ರೇ."

"ಕಾಪಿ?"

"ಮೂರು."

"ಹಂಗಾದ್ರೆ ಟೀ ಕುಡಿಸು. ಇನ್ನು ನನ್ನ ಹತ್ರ ಏನೂ ಇಲ್ಲ."